ಚೌತಿಗೆ ಮುಂಚಿನ ರವಿವಾರ

ಶನಿವಾರ ಬೆಳಗಿನಿಂದ ಸುರಿದ ಮಳೆ ಈಗಷ್ಟೇ ಹೊಳವಾಗಿದೆ. ಅಂಕೋಲಾ ತಾಲೂಕಿನ ಅವರ್ಸಾದ ಹತ್ತಿರ ಹೆದ್ದಾರಿ ಬಿಟ್ಟು ನೀವು ಒಳದಾರಿ ಹಿಡಿದಿದ್ದೀರಿ. ಗದ್ದೆಬಯಲು ದಾಟಿದರೆ ಹಾಲಕ್ಕಿ ಒಕ್ಕಲಿಗರ ಕೊಪ್ಪ. ಕೊಪ್ಪದ ಬೆನ್ನಿಗೆ ಗುಡ್ಡದ ಇಳಿಜಾರು. ಅಲ್ಲಿನ ಹಕ್ಕಲಿನಲ್ಲಿ ತರಕಾರಿ ಬೆಳೆಯುವ ಅಕ್ಕ ಆಗಲೇ ಕೊಯ್ಲು ಶುರು ಮಾಡಿದ್ದಾರೆ. ತಲೆಯಿಂದ ಬೆನ್ನಿನವರೆಗೆ ಪ್ಲಾಸ್ಟಿಕ್ ಕೊಪ್ಪೆ, ಕೊರಳ ತುಂಬ ಕರಿಮಣಿ ಸರ, ಕೈಯಲ್ಲಿ ಕತ್ತಿ. ಮಾತು ಬೆಳೆಸುವ ಹೊತ್ತಲ್ಲ ಇದು. ನಿಮ್ಮ ಕೈಗೊಂದು ಹೆಡಿಗೆ ಕೊಟ್ಟು, ಹಿಂದೆ ಬನ್ನಿ ಎಂದು ಕತ್ತು ಹೊರಳಿಸಿ ಮುಂದೆ ನಡೆಯುತ್ತಾರೆ. ಕೆಂಪು ಮಣ್ಣು ಜಾರುತ್ತದೆ. ಅವರು ಬರಿಗಾಲಲ್ಲಿ ಹೆಜ್ಜೆ ಇಟ್ಟ ಕಡೆಯೇ ನೀವೂ ಇಡುತ್ತೀರಿ.

ನೆಲದ ಮೇಲೆ ಮೊಗೆಸೌತೆಯ ಬಳ್ಳಿ ಹರಡಿದೆ. ಜೂನ್ ತಿಂಗಳ ಮೊದಲ ಮಳೆಗೆ ಗುಣಿ ತೆಗೆದು, ಸಗಣಿಗೊಬ್ಬರ ಮತ್ತು ಸುಟ್ಟಮಣ್ಣು ತುಂಬಿ ಊರಿದ ಬೀಜ ಅದು. ಅಗಲ ಎಲೆಗಳನ್ನು ಸರಿಸಿದರೆ ಕೆಳಗೆ ಕಾಯಿ ಕಾಣುತ್ತವೆ. ಎಳೆಯದು ಹಸಿರು, ಬಲಿತದ್ದರ ಮೈಮೇಲೆ ಹಳದಿ ಪಟ್ಟೆ. ಅಕ್ಕ ಒಂದನ್ನು ಬೆರಳಲ್ಲಿ ತಟ್ಟಿ ನೋಡಿ, ತೊಟ್ಟು ಎರಡು ಬೆರಳಗಲ ಉಳಿಯುವ ಹಾಗೆ ಕತ್ತಿ ಹಾಕುತ್ತಾರೆ. ತೊಟ್ಟು ಕಿತ್ತುಬಂದ ಕಾಯಿ ಆ ಗಾಯದಿಂದಲೇ ಕೊಳೆಯತೊಡಗುತ್ತದೆ. ತೊಟ್ಟು ಉಳಿದ ಬಲಿತ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀವು ಬಳ್ಳಿಯ ಬುಡದ ಹತ್ತಿರವಿರುವ ಎಲ್ಲಕ್ಕಿಂತ ದೊಡ್ಡ ಕಾಯಿಗೆ ಕೈ ಹಾಕುತ್ತೀರಿ. ತಿರುಗಿ ನೋಡದೆಯೇ ಅವರಿಗೆ ಗೊತ್ತಾಗಿದೆ.

“ಅದು ಬ್ಯಾಡ. ಬಿತ್ತಕ್ಕೆ ಬಿಟ್ಟದ್ದು.”

ಮುಂದಿನ ಸಾಲಿನಲ್ಲಿ ಬೆಂಡೆ ಆಳೆತ್ತರ ನಿಂತಿದೆ. ಮಳೆಗಾಲದ ಊರ ಬೆಂಡೆಕಾಯಿ ಅಂಗೈಗಿಂತ ಉದ್ದ, ತಿಳಿಹಸಿರು, ಮೈಮೇಲೆ ಎದ್ದುಕಾಣುವ ಏಣು. ತುದಿ ಮುರಿದು ನೋಡುವುದು ಬೇಡ, ಗಿಡದಲ್ಲೇ ಒಮ್ಮೆ ಬಾಗಿಸಿದರೆ ಎಳೆಯದೋ ನಾರೋ ಎಂದು ಬೆರಳಿಗೆ ತಿಳಿಯುತ್ತದೆ. ಅದರಾಚೆ ಅಡಕೆಯ ದಬ್ಬೆ ಹಾಕಿ ಕಟ್ಟಿದ ಚಪ್ಪರ. ಒಂದು ಬದಿಗೆ ಹೀರೆ, ಇನ್ನೊಂದು ಬದಿಗೆ ಹಾಗಲ. ಕೆಲವು ಹಾಗಲಕಾಯಿಗಳಿಗೆ ಕಾಗದದ ಚೀಲ ತೊಡಿಸಿದ್ದಾರೆ. ಹಣ್ಣುನೊಣ ಎಳೆಗಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಟ್ಟುಬಿಟ್ಟರೆ ಒಳಗೆ ಹುಳ ತುಂಬಿ ಕಾಯಿ ಹಳದಿಯಾಗಿ ಉದುರುತ್ತದೆ. ಚೀಲದ ಒಳಗಿನದು ಉಳಿಯುತ್ತದೆ. ಸುತ್ತ ಹಳೆಯ ಸೀರೆಗಳ ಬೇಲಿ ರಾತ್ರಿ ಬರುವ ಹಂದಿಗೆ. ಹಗಲು ಬರುವ ಮಂಗಕ್ಕೆ ಯಾವ ಬೇಲಿಯೂ ಇಲ್ಲ. ಅದಕ್ಕೆ ಮನೆಯ ಮುದುಕರೊಬ್ಬರು ಬೆಳಗಿನಿಂದ ಡಬ್ಬ ಬಡಿಯುತ್ತ ಗುಡ್ಡದ ಅಂಚಿನಲ್ಲಿ ಕೂತಿದ್ದಾರೆ.

ಕತ್ತಲಾಗುವ ಮುಂಚೆ ಬಚ್ಚಲ ಹಿಂದೆ ಹೋಗಿ ಅರಿಶಿನದ ಎಲೆ, ಕೆಸುವಿನ ಎಲೆ, ಬಸಳೆಯ ಕುಡಿ ಕೊಯ್ಯಬೇಕು. ಅರಿಶಿನದ ಎಲೆ ಮುರಿಯುತ್ತಿದ್ದ ಹಾಗೆ ಅದರ ಘಮ ಮಳೆಯ ವಾಸನೆಯನ್ನೂ ಮೀರಿ ಏಳುತ್ತದೆ. ಅದು ಕಡುಬಿಗೆ. ಕೆಸುವಿನಲ್ಲಿ ಕಪ್ಪು ದಂಟಿನದನ್ನಷ್ಟೇ ಆಯುತ್ತಾರೆ. ಪತ್ರೊಡೆಗೆ ಪೇಟೆಯವರು ಅದನ್ನೇ ಕೇಳುವುದು. ಪಕ್ಕದಲ್ಲೇ ಹುಲುಸಾಗಿ ಬೆಳೆದ ಇನ್ನೊಂದು ಕೆಸು ನಾಲಿಗೆ ತುರಿಸುವ ಜಾತಿ, ಅದರತ್ತ ಅವರು ಕಣ್ಣೂ ಹಾಯಿಸುವುದಿಲ್ಲ.

ರಾತ್ರಿ ಜಗಲಿಯ ದೀಪದ ಕೆಳಗೆ ಎಲ್ಲವೂ ಹರಡಿಕೊಂಡಿದೆ. ಈ ಮನೆಯ ಲೆಕ್ಕ ಶುರುವಾಗುವುದು ಇಲ್ಲಿ. ಮೊದಲು ಬೀಜದ ಪಾಲು: ಅದು ಬಳ್ಳಿಯಲ್ಲೇ ಉಳಿದಿದೆ, ಮುಟ್ಟುವ ಹಾಗಿಲ್ಲ. ಆಮೇಲೆ ಮನೆಯ ಪಾಲು. ನುಲಿದುಕೊಂಡ ಹೀರೆ, ಹುಳ ಕಚ್ಚಿದ ಬೆಂಡೆ, ಸೊಟ್ಟ ಹಾಗಲ ಈ ಕಡೆ ಬರುತ್ತವೆ. ಸೊಟ್ಟಗಿದ್ದರೂ ರುಚಿ ಅದೇ. ಮೂರನೆಯದು ಕೊಪ್ಪದ ಪಾಲು: ಈ ಸಲ ಬಳ್ಳಿ ಕೊಳೆತುಹೋದ ಮನೆಗೆ ಎರಡು ಮೊಗೆಕಾಯಿ, ಬಾಣಂತಿ ಇರುವ ಮನೆಗೆ ಬಸಳೆ. ಇಷ್ಟಾದ ಮೇಲೆ ಮಿಕ್ಕಿದ್ದು ಸಂತೆಗೆ. ಮನೆಗಷ್ಟೇ ಆದರೆ ನಾಲ್ಕು ಬಳ್ಳಿ ಸಾಕಿತ್ತು ಎಂದು ಅಕ್ಕ ಹೇಳುತ್ತಾರೆ. ಇಡೀ ಇಳಿಜಾರಿನಲ್ಲಿ ಬಿತ್ತಿದ್ದು, ಒಂದೇ ಜಾತಿಯ ಬದಲು ಮೂರು ಬಗೆಯ ಸೌತೆಬೀಜ ಇಟ್ಟುಕೊಂಡದ್ದು ನಾಳೆ ಬರುವ ಗಿರಾಕಿಗಳಿಗಾಗಿ. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಊರ ತರಕಾರಿ ಏಕೆ ಉಳಿದಿದೆ ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ನೇರ ಉತ್ತರ ಅದು.

ಬಾಳೆಪಟ್ಟೆಯನ್ನು ಉಗುರಿನಿಂದ ಸೀಳಿ ನಾರು ತೆಗೆಯುವುದು ನಿಮ್ಮ ಕೆಲಸ. ಬಸಳೆಯ ಕಟ್ಟು ಅಕ್ಕನದು. ಹಿಡಿಗೆ ಸಿಕ್ಕಷ್ಟು ಕುಡಿ, ಕೆಳಗೆ ದಪ್ಪ ದಂಟು, ಮೇಲೆ ಎಳೆಯ ಎಲೆ, ಎರಡು ಸುತ್ತು ನಾರು, ಒಂದು ಗಂಟು. ಕೆಳಗೆ ಹಳೆಯದನ್ನು ಅಡಗಿಸಿ ಮೇಲೆ ಹೊಸದನ್ನು ತೋರಿಸುವ ಕಟ್ಟು ಇದಲ್ಲ. ಕಟ್ಟು ಬಿಚ್ಚಿದರೂ ಒಳಗಿರುವುದು ಹೊರಗೆ ಕಂಡದ್ದೇ. ಹಾಗಲದ ಮುಳ್ಳು ಜಜ್ಜದ ಹಾಗೆ ಹೆಡಿಗೆಯ ತಳಕ್ಕೆ ಬಾಳೆಎಲೆ, ಭಾರದ ಮೊಗೆಕಾಯಿ ಕೆಳಗೆ, ಬೆಂಡೆ ನಡುವೆ, ಸೊಪ್ಪು ಮೇಲೆ. ತೂಕದ ತಕ್ಕಡಿ ಈ ಮನೆಯಲ್ಲಿಲ್ಲ. ಕಾಯಿ ಲೆಕ್ಕ, ಕಟ್ಟು ಲೆಕ್ಕ, ಪಾಲು ಲೆಕ್ಕ, ಅಷ್ಟೇ. ಸೊಸೆ ಒಂದು ಚೀಲದಲ್ಲಿ ಗುಡ್ಡದಿಂದ ತಂದ ಅಂಬಟೆಕಾಯಿಯ ಗೊಂಚಲು, ಗೌರಿ ಹೂವು, ಒಂದು ಸಣ್ಣ ಅಡಕೆಗೊನೆ ತುಂಬಿ ಇಡುತ್ತಾಳೆ. ಚೌತಿ ಇದೇ ವಾರ. ನಾಳೆ ಫಲಾವಳಿಯ ಸಂತೆ.

ಬೆಳಕು ಹರಿಯುವ ಮೊದಲೇ ಗದ್ದೆಯಂಚಿನ ಮೇಲೆ ನಡಿಗೆ. ಅಕ್ಕನ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹೆಡಿಗೆ. ಬ್ಯಾಟರಿ ನಿಮ್ಮ ಕೈಯಲ್ಲಿ. ಎರಡೂ ಬದಿಗೆ ಭತ್ತದ ಸಸಿ ಮೊಣಕಾಲೆತ್ತರ, ಕಪ್ಪೆಗಳ ಗದ್ದಲ. ಹೆದ್ದಾರಿಯ ತಂಗುದಾಣದಲ್ಲಿ ಆಗಲೇ ಹೆಂಗಸರು ನಿಂತಿದ್ದಾರೆ, ಒಬ್ಬೊಬ್ಬರ ಕಾಲ ಬುಡದಲ್ಲಿ ಒಂದೊಂದು ಹೆಡಿಗೆ. ಯಾರ ಹೆಡಿಗೆಯಲ್ಲಿ ಏನಿದೆ ಎಂದು ಎಲ್ಲರೂ ನೋಡುತ್ತಾರೆ. ಒಬ್ಬರದು ಬಾಳೆಎಲೆ, ಒಬ್ಬರದು ಕೊಟ್ಟೆ ಕಟ್ಟಲು ಹಲಸಿನ ಎಲೆ, ಇನ್ನೊಬ್ಬರದು ಬಿದಿರಿನ ಕಳಲೆ. ಮೊಗೆಕಾಯಿ ಬಹಳ ಜನರಲ್ಲಿದ್ದರೆ ದರ ಇಳಿಯುತ್ತದೆ ಎಂದು ಅಲ್ಲೇ ಅಂದಾಜಾಗುತ್ತದೆ. ದರದ ಮಾತು ಮುಗಿಯುವುದೂ ಇಲ್ಲೇ, ಬಸ್ಸು ಬರುವ ಮೊದಲು: ಒಬ್ಬರು ಕೂಗಿದ್ದಕ್ಕಿಂತ ಇನ್ನೊಬ್ಬರು ಇಳಿಸಿ ಕೂಗಬಾರದು.

ವಾಯವ್ಯ ಸಾರಿಗೆಯ ಬಸ್ಸು ಬರುತ್ತದೆ. ಹೆಡಿಗೆಗಳು ಕೈಯಿಂದ ಕೈಗೆ ಏರಿ ಹಿಂದಿನ ಸೀಟಿನ ಬದಿಗೆ ಸೇರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. 30 ಕಿಲೋದವರೆಗಿನ ಸಾಮಾನಿಗೂ ಬಾಡಿಗೆ ಇಲ್ಲ. ಹಿಂದೆ ಮೊದಲ ಗಿರಾಕಿಗಳಿಂದ ಬಂದದ್ದು ಬಸ್ಸಿನ ಖರ್ಚಿಗೇ ಮೀಸಲು. ಹಾಗಾಗಿ ಸ್ವಲ್ಪವೇ ಮಿಕ್ಕಿದ ವಾರ ಯಾರೂ ಸಂತೆಗೆ ಹೊರಡುತ್ತಿರಲಿಲ್ಲ, ಆ ಸ್ವಲ್ಪ ದನದ ಬಾಯಿಗೆ ಹೋಗುತ್ತಿತ್ತು. ಈಗ ನಾಲ್ಕು ಕಟ್ಟು ಬಸಳೆ, ಒಂದು ಚೀಲ ಅರಿಶಿನದ ಎಲೆ ಇದ್ದವರೂ ಬಸ್ಸು ಹತ್ತುತ್ತಾರೆ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತ, “ಅಬ್ಬೇ, ಹೆಡಿಗೆ ಸ್ವಲ್ಪ ಒಳಗೆ ಸರಿಸ್ರೇ” ಎಂದು ನಡುವಿನ ದಾರಿ ಬಿಡಿಸುತ್ತಾನೆ.

ಅಮದಳ್ಳಿ, ತೋಡೂರು, ಚೆಂಡಿಯಾ. ಒಂದೊಂದು ನಿಲ್ದಾಣದಲ್ಲೂ ಹೆಡಿಗೆಗಳು ಏರುತ್ತವೆ. ಎಡಕ್ಕೆ ಮರಗಳ ಸಂದಿಯಲ್ಲಿ ಮಳೆಗಾಲದ ಕಡಲು ಬೂದಿಬಣ್ಣವಾಗಿ ಕಂಡು ಮರೆಯಾಗುತ್ತದೆ. ಅರಗಾದಲ್ಲಿ ಕದಂಬ ನೌಕಾನೆಲೆಯ ಉದ್ದನೆಯ ಗೋಡೆ ಶುರುವಾಗುತ್ತದೆ. ಇದನ್ನು ಕಟ್ಟಿದ ಸೀಬರ್ಡ್ ಯೋಜನೆಗಾಗಿ ಈ ದಂಡೆಯ ಹಳ್ಳಿಗಳು ಎದ್ದುಹೋದವು. ಗದ್ದೆ, ಹಿತ್ತಲು, ತೆಂಗಿನ ತೋಟ ಬಿಟ್ಟುಹೋದ ಕುಟುಂಬಗಳು ಪುನರ್ವಸತಿಯ ಸಣ್ಣ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವು. ನಿಮ್ಮ ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲಿರುವ ಹರಿವೆಯ ಕಟ್ಟುಗಳು ಅಂಥ ನಿವೇಶನವೊಂದರ ಗೋಡೆ ಮತ್ತು ಗಟಾರದ ನಡುವಿನ ಜಾಗದಲ್ಲಿ ಬೆಳೆದವು. ಜಾಗ ಕಿರಿದಾಗಿದೆ, ಕೈ ಸುಮ್ಮನಾಗಿಲ್ಲ. ಬಿಣಗಾ ದಾಟಿದರೆ ಕಾರವಾರ.

ಪೇಟೆಯ ರಸ್ತೆಗಳು ಆಗಲೇ ಬಣ್ಣ ತುಂಬಿಕೊಂಡಿವೆ. ರವಿವಾರದ ಸಂತೆಗೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿಯೇ ಘಟ್ಟ ಇಳಿದು ಬಂದ ಲಾರಿಗಳು ಕೋಸು, ಆಲೂಗಡ್ಡೆ, ಟೊಮೆಟೊ, ಈರುಳ್ಳಿಯ ಚೀಲಗಳನ್ನು ಇಳಿಸಿವೆ. ಆ ವ್ಯಾಪಾರಿಗಳಿಗೆ ಮೇಜು, ತಕ್ಕಡಿ, ತಾಡಪಾಲು, ಬಲ್ಬು ಎಲ್ಲ ಇವೆ. ಅವರ ಸಾಲು ಮುಗಿಯುವಲ್ಲಿ ರಸ್ತೆಯ ಅಂಚಿನ ನೆಲದ ಮೇಲೆ ನಮ್ಮ ಹೆಂಗಸರ ಸಾಲು. ಅಕ್ಕನ ಜಾಗ ಒಂದು ಅಂಗಡಿಯ ಮುಂಗಟ್ಟಿನ ಕೆಳಗೆ, ಮೂರು ಅಡಿ ಅಗಲ. ಅಂಗಡಿಯವರು ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲಿನ ಎದುರು ದಾರಿ ಬಿಟ್ಟಿರಬೇಕು ಎಂಬುದೊಂದೇ ಕರಾರು. ಎಡಕ್ಕೆ ಚೆಂಡಿಯಾದವರು, ಬಲಕ್ಕೆ ತೋಡೂರಿನವರು. ಅಕ್ಕನ ಅತ್ತೆ ಕೂರುತ್ತಿದ್ದ ಜಾಗವೂ ಇದೇ.

ಗೋಣಿತಾಟು ಹಾಸಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತೀರಿ. ಮೊಗೆಕಾಯಿಯನ್ನು ಹಿಂದೆ ಗೋಡೆಯಾಗಿ ಜೋಡಿಸುತ್ತಾರೆ, ಅದಕ್ಕೆ ಒರಗಿಸಿ ಹೀರೆ, ಮುಂದೆ ಬೆಂಡೆ ಮತ್ತು ಹಾಗಲದ ಪಾಲುಗಳು. ಪಾಲು ಹಾಕುವ ಕೈಯನ್ನು ಗಮನಿಸಿ. ದೊಡ್ಡದೆರಡು, ನಡುವಿನದು ನಾಲ್ಕು, ಚಿಕ್ಕದೆರಡು. ಒಂದು ಪಾಲಿನಿಂದ ತೆಗೆದು ಇನ್ನೊಂದಕ್ಕೆ ಸೇರಿಸುತ್ತ, ಯಾವುದನ್ನು ಎತ್ತಿಕೊಂಡರೂ ಯಾರಿಗೂ ಮೋಸವಾಗದ ಹಾಗೆ ಸಮ ಮಾಡುತ್ತಾರೆ. ಅರಿಶಿನದ ಎಲೆಯನ್ನು ದಾರಿಹೋಕರ ಕಾಲಿಗೆ ತಾಗುವಷ್ಟು ಮುಂದೆ ಇಡುತ್ತಾರೆ. ಅಂಗಡಿಯ ಹೆಸರು ಬರೆದ ಹಲಗೆ ಇಲ್ಲದವರಿಗೆ ಆ ಘಮವೇ ಕರೆ.

ಮೊದಲು ಬರುವವರು ದಿನಾ ಬೆಳಗ್ಗೆ ನಡೆಯುವ ಅಭ್ಯಾಸದ ನಿವೃತ್ತರು. ಆಮೇಲೆ ದೇವರ ಪೂಜೆ ಮುಗಿಸಿದ ಮನೆಗಳವರು, ಕೈಗಾ ಕಾಲೊನಿಯವರು, ನೌಕಾನೆಲೆಯ ಸಂಸಾರಗಳು. ಶ್ರಾವಣದಲ್ಲಿ ಮೀನು ಬಿಟ್ಟ ಮನೆಗಳು ಇಲ್ಲಿ ಬಹಳ. ಮೀನಿನ ಚೀಲ ಹಿಡಿದು ಬರುತ್ತಿದ್ದ ಕೈ ಈ ತಿಂಗಳಿಡೀ ತರಕಾರಿ ಚೀಲ ಹಿಡಿದಿದೆ.

“ಕಶೆಂ ದಿತಾ, ಬಾಯೆ?”

“ವೀಸ್ ರುಪಯ್, ಬಾಯಿ. ನಿನ್ನೆ ಸಂಜೆ ಕೊಯ್ದದ್ದು, ತೊಟ್ಟು ಕಾಣಿ.”

ಒಂದೇ ಉಸಿರಿನಲ್ಲಿ ಅಕ್ಕ ಕೊಂಕಣಿಯಿಂದ ಕನ್ನಡಕ್ಕೆ ದಾಟುತ್ತಾರೆ. ಗಿರಾಕಿ ಬಾಗಿ ತೊಟ್ಟು ನೋಡುತ್ತಾರೆ. ಕತ್ತಿ ಹಾಕಿದ ಬಾಯಿ ಇನ್ನೂ ಹಸಿಯಾಗಿದೆ. ಚೌಕಾಸಿ ನಡೆಯುತ್ತದೆ, ಬೇಗ ಮುಗಿಯುತ್ತದೆ. ದರ ಇಳಿಯುವುದಿಲ್ಲ, ಕೊಸರು ಏರುತ್ತದೆ: ಎರಡು ಬೆಂಡೆ, ಒಂದು ಹಿಡಿ ಕರಿಬೇವು. ನಿಮಗೆ ಅದು ಸಣ್ಣ ಔದಾರ್ಯವಾಗಿ ಕಾಣಬಹುದು. ಅಕ್ಕನಿಗೆ ಅದು ಮುಂದಿನ ವಾರದ ವ್ಯಾಪಾರ. ದರ ಒಬ್ಬರಿಗೆ ಇಳಿಸಿದರೆ ಸಾಲಿನಲ್ಲಿರುವ ಎಲ್ಲರಿಗೂ ಇಳಿಯುತ್ತದೆ, ಕೊಸರು ಕೊಟ್ಟರೆ ಆ ಮನೆಯೊಂದೇ ನೆನಪಿಡುತ್ತದೆ. ಒಬ್ಬ ಹುಡುಗ ಹೀರೆಕಾಯಿಗೆ ಉಗುರು ಊರಿ ಎಳೆಯದೇ ಎಂದು ನೋಡುತ್ತಾನೆ. ಅಕ್ಕ ಅವನ ಕೈ ಹಿಡಿದು, “ಉಗುರು ಹಾಕ್ಬ್ಯಾಡ ಮಗಾ, ಕರಿಯಾತದೆ, ನೀನು ತಕಳ್ದಿದ್ರೆ ಬೇರೆಯೋರೂ ತಕಳೂದಿಲ್ಲ” ಎಂದು ತಾವೇ ಒಂದನ್ನು ಆಯ್ದು ಕೊಡುತ್ತಾರೆ.

ಹತ್ತು ಗಂಟೆಗೆ ಫಲಾವಳಿಯ ಗಿರಾಕಿಗಳು ನುಗ್ಗುತ್ತಾರೆ. ಗೋವಾದಲ್ಲಿ ಮಾಟೊಳಿ ಎನ್ನುವುದನ್ನೇ ಇಲ್ಲಿ ಫಲಾವಳಿ ಎನ್ನುವುದು: ಗಣಪತಿಯ ನೆತ್ತಿಯ ಮೇಲೆ ಮರದ ಚೌಕಟ್ಟು ತೂಗಿಬಿಟ್ಟು ಅದಕ್ಕೆ ಆ ಋತುವಿನಲ್ಲಿ ಬೆಳೆದ ಕಾಯಿ, ಹಣ್ಣು, ಹೂವುಗಳನ್ನು ಕಟ್ಟುತ್ತಾರೆ. ಅದಕ್ಕೆ ತೊಟ್ಟು ಉದ್ದವಿರುವ ಕಾಯಿಯೇ ಬೇಕು, ಕಟ್ಟಲು ಅದೇ ಹಿಡಿ. ನಿನ್ನೆ ಸಂಜೆ ಬಿಟ್ಟ ಎರಡು ಬೆರಳಗಲಕ್ಕೆ ಇಲ್ಲಿ ಬೆಲೆ ಬರುತ್ತದೆ. ಮೊಗೆ, ಹೀರೆ, ಹಾಗಲ, ಅಂಬಟೆ, ಅಡಕೆಗೊನೆ, ಗೌರಿ ಹೂವು ಒಂದೇ ಕಡೆ ಸಿಕ್ಕಿದ್ದಕ್ಕೆ ಒಬ್ಬ ಯಜಮಾನರು ದರವನ್ನೂ ಕೇಳದೆ ಚೀಲ ಬಿಚ್ಚುತ್ತಾರೆ. “ಇದು ನಿಮ್ಮ ಹಿತ್ತಲದ್ದೇನಾ?” ಎಂಬುದಷ್ಟೇ ಅವರ ಪ್ರಶ್ನೆ. ಲಾರಿಯಲ್ಲಿ ಬಂದ ಕೋಸು ಫಲಾವಳಿಗೆ ಏರುವುದಿಲ್ಲ. ಈ ನೆಲ, ಈ ಮಳೆ ಕೊಟ್ಟದ್ದನ್ನೇ ದೇವರಿಗೆ ತೋರಿಸಬೇಕೆಂಬ ಹಟ ಈ ಹಬ್ಬಕ್ಕಿದೆ. ಆ ಹಟದಿಂದಾಗಿ ಎಷ್ಟೋ ಊರ ತಳಿಗಳು ವರ್ಷಕ್ಕೊಮ್ಮೆಯಾದರೂ ಬೇಡಿಕೆ ಕಾಣುತ್ತವೆ.

ಮಳೆ ಬರುತ್ತದೆ, ಹೇಳದೆ ಕೇಳದೆ. ಸಾಲಿನ ಉದ್ದಕ್ಕೂ ನೀಲಿ ಹಾಳೆಗಳು ಮೇಲೇಳುತ್ತವೆ. ನೀವು ಹಾಳೆಯ ಒಂದು ತುದಿ ಹಿಡಿದು ನಿಲ್ಲುತ್ತೀರಿ, ಇನ್ನೊಂದು ತುದಿ ಅಂಗಡಿಯ ಕಂಬಕ್ಕೆ. ರಸ್ತೆಯ ನೀರು ಗೋಣಿತಾಟಿನ ಅಂಚನ್ನು ನೆನೆಸುತ್ತದೆ. ಗಿರಾಕಿಗಳು ಮುಂಗಟ್ಟಿನ ಕೆಳಗೆ ಒತ್ತಿಕೊಂಡು ನಿಂತಿರುವಾಗ ವ್ಯಾಪಾರ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಪತ್ರೊಡೆಗೆ ಹುಣಸೆ ಎಷ್ಟು ಹಾಕಬೇಕು ಎಂದು ನೌಕಾನೆಲೆಯ ಕಡೆಯಿಂದ ಬಂದ ಉತ್ತರದ ಹೆಣ್ಣುಮಗಳೊಬ್ಬಳು ಅರೆಬರೆ ಹಿಂದಿಯಲ್ಲಿ ಕೇಳುತ್ತಾಳೆ. ಅಕ್ಕ ಕೈಸನ್ನೆಯಲ್ಲಿ ನಿಂಬೆಗಾತ್ರ ತೋರಿಸುತ್ತಾರೆ; ಪಕ್ಕದ ಕೊಂಕಣಿ ಅಜ್ಜಿ ಅಷ್ಟು ಸಾಲದು, ಇನ್ನೂ ಹಾಕು ಎನ್ನುತ್ತಾರೆ. ಹುಣಸೆ ಕಡಿಮೆಯಾದರೆ ಗಂಟಲು ಕೆರೆಯುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಕೆಸುವಿನ ಎಲೆಯನ್ನು ಎಂದೂ ಕೊಳ್ಳದ ಮನೆಗೆ ಇವತ್ತು ಹತ್ತು ಎಲೆ ಹೋಗುತ್ತವೆ. ಬೆಳೆದವರೇ ಮಾರುವ ಜಾಗದಲ್ಲಿ ಮಾತ್ರ ತರಕಾರಿಯ ಜೊತೆ ಅದರ ಅಡುಗೆಯೂ ಹೀಗೆ ಕೈ ದಾಟುತ್ತದೆ.

ಹಾಳೆ ಹಿಡಿದು ನಿಂತ ಈ ಹೊತ್ತಿನಲ್ಲಿ ಎದುರಿನ ಟೊಮೆಟೊ ರಾಶಿಯನ್ನು ನೋಡಿ. ರಿಸರ್ವ್ ಬ್ಯಾಂಕ್ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಗ್ರಾಹಕರು ಟೊಮೆಟೊಗೆ ಕೊಡುವ 100 ರೂಪಾಯಿಯಲ್ಲಿ ಬೆಳೆದವರಿಗೆ ಸೇರುವುದು ಸುಮಾರು 33 ರೂಪಾಯಿ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದು ಸಾಗಣೆ, ದಲ್ಲಾಳಿ, ಸಗಟು, ಚಿಲ್ಲರೆ, ಕೊಳೆತು ಹೋಗುವ ಪಾಲು ಎಂದು ದಾರಿಯಲ್ಲೇ ಹಂಚಿಹೋಗುತ್ತದೆ. ಲಾರಿ ಬೇಡ ಎಂದು ನಾನು ಹೇಳುವುದಿಲ್ಲ. ಮಳೆಗಾಲದ ಕರಾವಳಿಗೆ ಈರುಳ್ಳಿ, ಆಲೂಗಡ್ಡೆ ಘಟ್ಟದ ಮೇಲಿನಿಂದಲೇ ಬರಬೇಕು. ಆದರೆ ಅಕ್ಕನ ಸೆರಗಿನ ಗಂಟಿಗೆ ಸೇರಿದ 20 ರೂಪಾಯಿಯಲ್ಲಿ ನೆಲಬಾಡಿಗೆಯ ಚೀಟಿ ಬಿಟ್ಟರೆ ಬೇರೆ ಪಾಲುದಾರರಿಲ್ಲ. ಕೊಯ್ದ ಕಾಯಿ ಒಂದು ರಾತ್ರಿ ಕಳೆದು, ನಲವತ್ತು ಕಿಲೋಮೀಟರಿನೊಳಗೆ, ಇಬ್ಬರು ಹೆಂಗಸರ ಕೈಯಲ್ಲೇ ವ್ಯವಹಾರ ಮುಗಿಸುತ್ತದೆ.

ನೆಲಬಾಡಿಗೆಯವನು ಬಂದು ಹೋಗುತ್ತಾನೆ. ಅವನ ಹಿಂದೆಯೇ ಒಂದು ವ್ಯಾನು ಹಾರ್ನ್ ಹಾಕುತ್ತ ನುಗ್ಗುತ್ತದೆ, ಎಲ್ಲರೂ ಹೆಡಿಗೆಗಳನ್ನು ಅರ್ಧ ಅಡಿ ಹಿಂದೆ ಎಳೆದುಕೊಳ್ಳುತ್ತಾರೆ. ವರ್ಷ ಹೋದ ಹಾಗೆ ಆ ಅರ್ಧ ಅಡಿ ಮರಳಿ ಸಿಗುವುದಿಲ್ಲ ಎಂದು ತೋಡೂರಿನವರು ಹೇಳುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇಂಥ ನೆಲಕ್ಕಾಗಿಯೇ ಬಂದದ್ದು. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. 50 ವರ್ಷಕ್ಕೂ ಹಿಂದಿನಿಂದ ನಡೆದುಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು ಎಂಬ ಮಾತೂ ಅದರಲ್ಲಿದೆ. ಒಳ್ಳೆಯ ಕಾಯ್ದೆ. ಆದರೆ ವಾರಕ್ಕೊಮ್ಮೆ, ಅದೂ ಹಿತ್ತಲಲ್ಲಿ ಮಿಕ್ಕಿದಾಗ ಮಾತ್ರ ಬಂದು ಕೂರುವ ಹೆಂಗಸು ಸಮೀಕ್ಷೆಯ ಪಟ್ಟಿಯಿಂದ ಬಿಟ್ಟುಹೋಗುವುದು ಬಹಳ ಸುಲಭ. ಸೋಮವಾರ ಬಂದು ಎಣಿಸಿದವರ ಕಣ್ಣಿಗೆ ಇಲ್ಲಿ ಖಾಲಿ ಮುಂಗಟ್ಟು ಕಾಣುತ್ತದೆ, ಅಷ್ಟೇ. ಎಣಿಸುವವರು ರವಿವಾರ ಬರಬೇಕು. ಬಂದಾಗ ಮಳೆಗೊಂದು ಮಾಡು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದೂ ಬರೆದುಕೊಳ್ಳಬೇಕು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದ ಈ ಸಾಲಿನ ಹೆಂಗಸರು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವುದು ಬಾಯಾರಿಕೆ ಇಲ್ಲದ್ದಕ್ಕಲ್ಲ.

ಮಳೆ ನಿಂತ ಮೇಲೆ ಬಂದವರೊಬ್ಬರು ನಿವೃತ್ತ ಶಿಕ್ಷಕಿ. ಏನನ್ನೂ ಮುಟ್ಟದೆ ಸಾಲುಸಾಲಾಗಿ ಕಣ್ಣಾಡಿಸಿ ಕೇಳುತ್ತಾರೆ:

“ಅಕ್ಕಾ, ಹೋದ ವರ್ಷ ತಂದಿದ್ರಲ್ಲ, ಬಿಳಿ ಬಣ್ಣದ ಗಿಡ್ಡ ಮುಳ್ಳುಸೌತೆ. ಅದು ಇಲ್ವಾ?”

“ಈ ಸಲ ಹಾಕ್ಲಿಲ್ಲ, ಅಮ್ಮಾ. ಯಾರೂ ಕೇಳ್ಲಿಲ್ಲ.”

“ನಾನು ಕೇಳ್ತಿದೀನಲ್ಲ. ಮೊಮ್ಮಕ್ಕಳು ಅದೇ ಬೇಕು ಅಂತಾರೆ. ಬೀಜ ಇದೆಯಲ್ಲ?”

ಅಕ್ಕ ಒಂದು ಕ್ಷಣ ಯೋಚಿಸುತ್ತಾರೆ. ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿಟ್ಟದ್ದು ಸ್ವಲ್ಪ ಉಳಿದಿದೆ. ಎರಡು ಮಳೆಗಾಲ ದಾಟಿದರೆ ಮೊಳಕೆ ಬರುವುದು ಕಷ್ಟ. “ಇದೆ. ಬರೂ ವರ್ಷ ಹಾಕ್ತೆ. ಬಂದು ಕೇಳಿ, ಮತ್ತೆ.”

ಇಡೀ ಬೆಳಗಿನಲ್ಲಿ ನಡೆದ ಅತಿ ದೊಡ್ಡ ವ್ಯವಹಾರ ಇದು, ಒಂದು ರೂಪಾಯಿಯೂ ಕೈ ಬದಲಾಗಲಿಲ್ಲ. ಒಂದು ತಳಿ ಇನ್ನೊಂದು ವರ್ಷಕ್ಕೆ ದಾಟಿತು. ಮಟ್ಟುಗುಳ್ಳ ಬದನೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಸಿಕ್ಕಿತು. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಕಾಡಿನ ತಾಯಿಮರಗಳನ್ನು ಗುರುತಿಸಿ ಬೀಜ ಆಯುತ್ತಿದ್ದ ಅರಿವಿಗೆ ದೇಶ ಪದ್ಮಶ್ರೀ ಕೊಟ್ಟು ತಲೆಬಾಗಿತು. ಬಿಳಿ ಮುಳ್ಳುಸೌತೆಗೆ ಅಂಥ ಗುರುತು ಇಲ್ಲ, ಬರುವ ದಾರಿಯೂ ಕಾಣುವುದಿಲ್ಲ. ಅದರ ಉಳಿವು ಒಬ್ಬ ಬೆಳೆಗಾರ್ತಿಯ ಗೋಡೆಯ ಮೇಲಿನ ಬೀಜ ಮತ್ತು ಒಬ್ಬ ಗಿರಾಕಿಯ ನೆನಪು, ಇವೆರಡನ್ನೇ ನಂಬಿದೆ. ಒಂದು ತಪ್ಪಿದರೂ ಇನ್ನೊಂದು ಸಾಲದು.

ಹನ್ನೆರಡು ಗಂಟೆಗೆ ಹಾಳೆಯ ಮೇಲೆ ಉಳಿದದ್ದು ಮೂರು ಮೊಗೆಕಾಯಿ, ಬಾಡತೊಡಗಿದ ಎರಡು ಕಟ್ಟು ಬಸಳೆ. ಸಾಲಿನಲ್ಲಿ ಅದಲುಬದಲು ಶುರುವಾಗುತ್ತದೆ. ಬಸಳೆ ಚೆಂಡಿಯಾದವರಿಗೆ, ಅವರ ಉಳಿದ ಕಳಲೆ ಅಕ್ಕನ ಹೆಡಿಗೆಗೆ. ಮೊಗೆಕಾಯಿಗೆ ಬದಲು ಏನೂ ಬೇಡ, ಅದು ಮಾಡಿಗೆ ಮರಳುತ್ತದೆ. ಮುಂದಿನ ವಾರಕ್ಕೂ ಬರುತ್ತದೆ. ಅಕ್ಕ ಸೆರಗಿನ ಗಂಟು ಬಿಚ್ಚಿ ಹಣ ಎಣಿಸುತ್ತಾರೆ. ಕ್ಯೂಆರ್ ಹಲಗೆಗೆ ಬಂದದ್ದು ಮಗನ ಖಾತೆಗೆ ಹೋಗಿದೆ. ಅದನ್ನು ಬೆರಳು ಮಡಚಿ ಬೇರೆ ಲೆಕ್ಕ ಇಟ್ಟಿದ್ದಾರೆ, ಮನೆಗೆ ಹೋಗಿ ಕೇಳಿ ತೆಗೆದುಕೊಳ್ಳುತ್ತಾರಂತೆ. ಎದುರಿನ ಲಾರಿ ವ್ಯಾಪಾರಿಯಿಂದ ಎರಡು ಕಿಲೋ ಈರುಳ್ಳಿ, ಅಂಗಡಿಯಿಂದ ಬೆಲ್ಲ, ಮೊಮ್ಮಗಳಿಗೆ ಬಳೆ. ಉಳಿದದ್ದು ಮಹಿಳಾ ಸಂಘದ ವಾರದ ಕಂತಿಗೆ.

ಹೆಡಿಗೆ ಹಗುರವಾಗಿದೆ. ಬಸ್ಸು ನಿಲ್ದಾಣಕ್ಕೆ ನಡೆಯುತ್ತ ಅಕ್ಕ ನಾಳೆಯಿಂದಲೇ ಆಗಬೇಕಾದ ಕೆಲಸ ಹೇಳುತ್ತಾರೆ. ಗೋಡೆಯ ಬೀಜ ತೆಗೆದು ಒಂದೆರಡನ್ನು ನೆನೆಹಾಕಿ ಮೊಳಕೆ ನೋಡಬೇಕು. ಬಂದರೆ ಚೌತಿ ಕಳೆದ ಮೇಲೆ ಬಾವಿಕಟ್ಟೆಯ ಬದಿಗೆ ಎರಡು ಬಳ್ಳಿ ಎಬ್ಬಿಸಿ, ತಿನ್ನದೆ ಮಾರದೆ ಬರೀ ಬೀಜಕ್ಕೇ ಬಿಡಬೇಕು. ಹಾಗೆ ಮಾಡಿದರೆ ಬರುವ ಜೂನ್‌ಗೆ ಹೊಸ ಬೀಜ ಕೈಯಲ್ಲಿರುತ್ತದೆ. ಬಳ್ಳಿ ಎರಡೇ ಆದರೂ ಕೊಡ ಹೊತ್ತು ನೀರು ಹಾಕಬೇಕಾದದ್ದು ಮಳೆ ಹೋದ ಮೇಲಿನ ಅಷ್ಟೂ ದಿನ. ಒಬ್ಬ ಶಿಕ್ಷಕಿ ಕೇಳಿದ ಒಂದು ಮಾತಿಗೆ ಅವರು ಇಷ್ಟು ದುಡಿಯಲು ಹೊರಟಿದ್ದಾರೆ.

ನೀವಿರುವ ಊರಲ್ಲೂ ಇಂಥ ಒಂದು ಸಾಲು ಇರುತ್ತದೆ, ಸಂತೆಯ ಕೊನೆಯಲ್ಲಿ, ನೆಲದ ಮೇಲೆ. ಮನೆಯಿಂದ ಪಟ್ಟಿ ಬರೆದುಕೊಂಡು ಹೋಗಬೇಡಿ. ಇವತ್ತು ಏನು ತಂದಿದ್ದೀರಿ ಎಂದು ಕೇಳಿ, ಸಿಕ್ಕಿದ್ದನ್ನು ಅಡುಗೆ ಮಾಡಿ. ಹತ್ತು ರೂಪಾಯಿಗೆ ಜಗ್ಗಬೇಡಿ. ಒಂದು ಕಾಯಿ ರುಚಿಸಿದರೆ ಮುಂದಿನ ವಾರ ಹೋಗಿ ಅದನ್ನು ಹೇಳಿ, ಕಳೆದ ವರ್ಷ ಇದ್ದು ಈ ವರ್ಷ ಕಾಣದ ಕಾಯಿ ಇದ್ದರೆ ಹೆಸರು ಹಿಡಿದು ಕೇಳಿ. ಊರ ಬೀಜದ ಬಗ್ಗೆ ನಾವು ವೇದಿಕೆಗಳಲ್ಲಿ ಎಷ್ಟು ಮಾತಾಡಿದರೂ ಹಿತ್ತಲಲ್ಲಿ ಏನು ಬಿತ್ತಬೇಕೆಂದು ತೀರ್ಮಾನವಾಗುವುದು ಆ ಮೂರಡಿ ನೆಲದ ಎದುರು ನಿಂತು ನೀವು ಕೇಳುವ ಪ್ರಶ್ನೆಯಿಂದ.